ಮಣ್ಣಿಲ್ಲದ ತೋಟವನ್ನು ನೋಡಿ ಬಂದುದು

ರಾಜಾಜಿನಗರದಿಂದ ಕೆಂಗೇರಿಗೆ ಹೋಗಿಬರುವುದನ್ನು ಪ್ರವಾಸವೆಂದು ಕರೆದರೆ ವಾಚಕರು ನಕ್ಕಾರು. ಕಾಶಿ ರಾಮೇಶ್ವರಗಳ ಯಾತ್ರಾವೃತ್ತಾಂತಗಳನ್ನು ಓದಿದವರಿಗೆ ಮೂರು ಹರದಾರಿಯ ಈ ಪಯಣದಲ್ಲಿ ಹೇಳತಕ್ಕ ವಿಷಯವೇನಿದ್ದೀತೆಂದು ತೋರುವುದು ಸಹಜವೇ. ಆದರೂ ಈಚೆಗೆ ಒಂದು ಭಾನುವಾರ ನಾನು ಆ ದಾರಿಯಲ್ಲಿ ಹೋಗಿ ಕಂಡುಬಂದುದನ್ನು ಮನೆಮನೆಯಲ್ಲಿಯೂ ಸೊಪ್ಪು ತರಕಾರಿ ಕೊಂಡು ಬೇಯಿಸುವವರು ತಿಳಿಯುವುದು ಒಳ್ಳೆಯದೆಂದು ತೋರಿ ಬರೆಯುತ್ತಿದ್ದೇನೆ.

ಹಿಂದೆ ನನ್ನಲ್ಲಿ ಓದಿದ ಶಿಷ್ಯನೊಬ್ಬನು ದೂರವಾಣಿಯಲ್ಲಿ ಮಾತನಾಡಿ, “ಮೇಷ್ಟ್ರೇ, ಒಂದು ಸಲ ನಮ್ಮ ತಾರಸಿಗೆ ಬನ್ನಿ. ನೀವು ಅಮರಕೋಶದಲ್ಲಿ ಮರಕ್ಕೆ ಹೇಳಿಕೊಟ್ಟ ಹೆಸರುಗಳಲ್ಲಿ ಕೆಲವು ಇಲ್ಲಿ ಸುಳ್ಳಾಗಿವೆ” ಎಂದನು. ಮೂವತ್ತು ವರ್ಷ ಪಾಠ ಹೇಳಿದವನಿಗೆ ಇದಕ್ಕಿಂತ ಹೆಚ್ಚಿನ ಆಹ್ವಾನವು ಬೇಕಿಲ್ಲ. ಮಹೀರುಹ ಎಂದರೆ ಭೂಮಿಯಲ್ಲಿ ಹುಟ್ಟಿ ಬೆಳೆಯುವುದು. ಅಗಮ ಎಂದರೆ ಇದ್ದ ಸ್ಥಳದಿಂದ ಕದಲದಿರುವುದು. ಪಾದಪ ಎಂದರೆ ಪಾದದಿಂದ ಕುಡಿಯುವುದು. ಇವುಗಳಲ್ಲಿ ಯಾವುದು ಸುಳ್ಳಾಯಿತೋ ನೋಡಿಯೇ ಬಿಡೋಣವೆಂದು ಹೊರಟೆನು.

ಪಶ್ಚಿಮ ಕಾರ್ಡ್ ರಸ್ತೆಯ ಬಸ್ಸಿನಲ್ಲಿ ಕುಳಿತರೆ ಊರಿನ ಈ ಭಾಗದ ಚರಿತ್ರೆಯೆಲ್ಲ ನಾಮಫಲಕಗಳಲ್ಲಿಯೇ ಓದಲು ಸಿಕ್ಕುತ್ತದೆ. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆ — ಹೆಸರು ಹಳ್ಳಿಯದು, ನೆಲ ಬಡಾವಣೆಯದು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ರಾಜಾಜಿನಗರವು ಎದ್ದಿತು. ತರುವಾಯ ವಿಜಯನಗರ, ಬಸವೇಶ್ವರನಗರಗಳು ಬೆಳೆದುವು. ರಾಗಿ ಅವರೆಗಳು ಪಡುವಲಿಗೆ ಸರಿಯುತ್ತ ಹೋದುವು. ವಿಜಯನಗರದ ಮಾರುಕಟ್ಟೆಯ ಬಳಿ ಇಳಿದೆನು. ದಂಟು, ಮೆಂತ್ಯ, ಸಬ್ಬಸಿಗೆ, ಪಾಲಕ್ ಸೊಪ್ಪುಗಳು ನೀರು ಚಿಮುಕಿಸಿಕೊಂಡು ಮರಕತದ ರಾಶಿಗಳಂತೆ ಹೊಳೆಯುತ್ತಿದ್ದುವು. “ಎಲ್ಲಿಯ ಸೊಪ್ಪಮ್ಮ?” ಎಂದು ಕೇಳಿದರೆ ಮಾರುವಾಕೆಯು, “ಇಲ್ಲೇ ಸ್ವಾಮಿ, ಹತ್ತಿರದ್ದೇ, ತಾಜಾ” ಎಂದಳು. ಹತ್ತಿರ ಎಂಬುದರ ಅರ್ಥವು ಮೆಟ್ರೋ ರೈಲಿನಲ್ಲಿ ಕುಳಿತ ಮೇಲೆ ನನಗೆ ಹೊಳೆಯಿತು.

ಕೆಂಗೇರಿಯವರೆಗೆ ಈ ರೈಲು 2021ನೆಯ ಇಸವಿಯಲ್ಲಿ ಬಂದಿತು. ಅತ್ತಿಗುಪ್ಪೆ, ದೀಪಾಂಜಲಿನಗರಗಳು ಕಳೆದು ಮೈಸೂರು ರಸ್ತೆಯನ್ನು ಸೇರಿದೊಡನೆ ಕೆಳಗಡೆ ವೃಷಭಾವತಿಯು ಕಾಣುವಳು. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂದು ಪ್ರತೀತಿಯುಳ್ಳ ಈ ಹೊಳೆಯು ಗಾಳಿ ಆಂಜನೇಯಸ್ವಾಮಿಯ ದೇವಸ್ಥಾನದ ಪಕ್ಕದಲ್ಲಿ ಹಾದು, ನಾಯಂಡಹಳ್ಳಿ, ಕೆಂಗೇರಿಗಳ ಮೂಲಕ ಬೈರಮಂಗಲದ ಕೆರೆಗೆ ಹೋಗಿ, ಮುಂದೆ ಅರ್ಕಾವತಿಯನ್ನೂ ಆಕೆಯೊಡನೆ ಕಾವೇರಿಯನ್ನೂ ಸೇರುತ್ತಾಳೆ. ಹೆಸರು ನದಿಯದು, ಹರಿಯುವುದು ಮಾತ್ರ ಪಟ್ಟಣದ ಕೊಳಚೆಯೂ ಕಾರ್ಖಾನೆಗಳ ನೀರೂ ಸೇರಿದ ಕರಿಯ ಪ್ರವಾಹ. ಕೆಳಗಿನ ಕಣಿವೆಯ ರೈತರಿಗೆ ವರ್ಷವೆಲ್ಲ ಬತ್ತದ ನೀರೆಂದರೆ ಇದೊಂದೇ; ಅದರಲ್ಲಿಯೇ ಅವರು ಸೊಪ್ಪು, ಮೇವುಗಳನ್ನು ಬೆಳೆದರು. ಆ ಸೊಪ್ಪಿನಲ್ಲಿ ಸೀಸ, ಕ್ಯಾಡ್ಮಿಯಂ ಮೊದಲಾದ ಲೋಹಗಳು ಸೇರಿರುವುದನ್ನು ವಿಜ್ಞಾನಿಗಳು ಪರೀಕ್ಷಿಸಿ ಬರೆದಿದ್ದಾರೆ. ರೈತನನ್ನು ಬಯ್ಯುವುದು ನ್ಯಾಯವಲ್ಲ; ನೀರನ್ನು ಕೆಡಿಸಿ ಕಳುಹಿಸಿದವರು ಮೇಲಿರುವ ನಾವು. ನಮ್ಮ ಕೊಳಚೆಯು ಸೊಪ್ಪಿನ ರೂಪದಲ್ಲಿ ನಮ್ಮ ತಟ್ಟೆಗೇ ಹಿಂತಿರುಗುತ್ತಿದೆ. ಕಟ್ಟನ್ನು ಕೈಯಲ್ಲಿ ಹಿಡಿದ ಗೃಹಿಣಿಗೆ ಅದು ಯಾವ ನೀರು ಕುಡಿದುದೆಂದು ತಿಳಿಯುವ ಉಪಾಯವಿಲ್ಲ.

ಇನ್ನೊಂದನ್ನೂ ಆ ದಾರಿಯಲ್ಲಿ ನೆನೆದೆನು. ನಮ್ಮ ಕೆರೆಗಳ ಮೇಲೆ ಅಂತರಗಂಗೆಯೂ ನೀಲಿ ಹೂವಿನ ಕಳೆಯೂ ಹಚ್ಚಡ ಹೊದಿಸಿದಂತೆ ಬೆಳೆಯುವುದನ್ನು ಎಲ್ಲರೂ ಕಂಡಿದ್ದೇವೆ. ಅವುಗಳ ಬೇರು ನೆಲವನ್ನು ಮುಟ್ಟುವುದಿಲ್ಲ, ನೀರಿನಲ್ಲಿ ತೂಗುತ್ತಿರುತ್ತದೆ. ಬಚ್ಚಲಿನಿಂದಲೂ ಪಾಯಿಖಾನೆಯಿಂದಲೂ ಹೋದ ಲವಣಗಳೇ ಅವುಗಳ ಆಹಾರ. ಮಣ್ಣಿಲ್ಲದ ಬೇಸಾಯವು ಅಸಾಧ್ಯವೆನ್ನುವವರಿಗೆ ನಮ್ಮ ಕೆಟ್ಟ ಕೆರೆಗಳೇ ಉತ್ತರ.

ಶಿಷ್ಯನು ನಿಲ್ದಾಣಕ್ಕೇ ಬಂದಿದ್ದನು. ಅವನ ತಂದೆಗೆ ಕೆಂಗೇರಿಯ ಆಚೆ ಎರಡು ಎಕರೆ ಹೊಲವಿದ್ದಿತು. ಅದು ಬಡಾವಣೆಗೆ ಹೋಯಿತು. ಬಂದ ಹಣದಲ್ಲಿ ಮೂರಂತಸ್ತಿನ ಮನೆಯೊಂದು ಎದ್ದಿತು. ಮಗನು ಕಾರ್ಖಾನೆಯೊಂದರಲ್ಲಿ ಹದಿನೈದು ವರ್ಷ ಕೆಲಸಮಾಡಿದನು, ಅದು ಮುಚ್ಚಿತು. ನಾಲ್ವತ್ತೈದರ ಪ್ರಾಯದಲ್ಲಿ ಹೊಸ ಕೆಲಸ ಕೊಡುವವರು ಯಾರು? ಉಳಿದದ್ದು ತಲೆಯ ಮೇಲಿನ ಸಾವಿರ ಚದರ ಅಡಿಯ ತಾರಸಿ.

ಮೆಟ್ಟಿಲು ಹತ್ತಿ ನೋಡುತ್ತೇನೆ: ಹಸುರು ಬಲೆಯ ಚಪ್ಪರ, ಅದರ ಕೆಳಗೆ ಸೊಂಟದೆತ್ತರದ ಕಬ್ಬಿಣದ ಕಾಲುಗಳ ಮೇಲೆ ಹನ್ನೆರಡು ಬಿಳಿಯ ಕೊಳವೆಗಳು, ಒಂದೊಂದರಲ್ಲಿಯೂ ಇಪ್ಪತ್ತೈದು ರಂಧ್ರಗಳು. ಯಾವನೋ ದೈತ್ಯನು ತನ್ನ ಕೊಳಲುಗಳನ್ನು ಸಾಲಾಗಿ ಮಲಗಿಸಿದಂತಿತ್ತು. ರಂಧ್ರಕ್ಕೊಂದು ಜಾಲರಿಯ ಬಟ್ಟಲು, ಬಟ್ಟಲಿಗೊಂದು ಗಿಡ. ಪಾಲಕ್, ತುಲಸಿಯ ಜಾತಿಯ ವಿಲಾಯತಿ ಸೊಪ್ಪು, ಹೆಚ್ಚಾಗಿ ಲೆಟ್ಯೂಸ್. ಶಿಷ್ಯನು ಒಂದು ಬಟ್ಟಲನ್ನು ಮೇಲೆತ್ತಿ ತೋರಿಸಿದನು. ಹಾಲಿನಂತೆ ಬೆಳ್ಳಗಿನ ಬೇರುಗಳು ಋಷಿಯ ಗಡ್ಡದಂತೆ ಒಂದು ಗೇಣು ಇಳಿಬಿದ್ದಿದ್ದುವು. ಮಣ್ಣು ಹೆಸರಿಗೂ ಇಲ್ಲ. ಕೊಳವೆಗಳು ಒಂದು ಕಡೆಗೆ ಸ್ವಲ್ಪ ವಾಲಿಕೊಂಡಿವೆ. ಮೂಲೆಯ 500 ಲೀಟರಿನ ತೊಟ್ಟಿಯಿಂದ ಚಿಕ್ಕ ಪಂಪು ನೀರನ್ನು ಮೇಲ್ತುದಿಗೆ ಏರಿಸುತ್ತದೆ. ಅದು ಎಲೆಯಷ್ಟು ತೆಳ್ಳಗಿನ ಪದರವಾಗಿ ಬೇರುಗಳನ್ನು ಸವರಿಕೊಂಡು ಹರಿದು ತಿರುಗಿ ತೊಟ್ಟಿಗೇ ಬೀಳುತ್ತದೆ. ಅರ್ಧ ಬೇರು ನೀರಿನಲ್ಲಿ, ಅರ್ಧ ಗಾಳಿಯಲ್ಲಿ. ಗಾಳಿಯಿಲ್ಲದಿದ್ದರೆ ಬೇರು ಉಸಿರುಕಟ್ಟಿ ಕೊಳೆಯುವುದಂತೆ. ಬೇರಿಗೂ ಉಸಿರಾಟವುಂಟೆಂಬುದನ್ನು ನಾವು ಮರೆಯುತ್ತೇವೆ.

“ಮಣ್ಣು ಮಾಡುತ್ತಿದ್ದ ಕೆಲಸವನ್ನು ಮಾಡುವವರಾರು?” ಎಂದೆನು. ಅವನು ಬೆರಳು ಮಡಿಸಿ ಹೇಳಿದನು: ಗಿಡವನ್ನು ನಿಲ್ಲಿಸುವುದು, ನೀರನ್ನು ಹಿಡಿದಿಡುವುದು, ಲವಣಗಳನ್ನು ಒದಗಿಸುವುದು, ಬೇರಿಗೆ ಗಾಳಿಯನ್ನು ಬಿಡುವುದು. ಬಟ್ಟಲೂ ತೆಂಗಿನ ನಾರಿನ ಪುಡಿಯೂ ಮೊದಲನೆಯದನ್ನು ಮಾಡುತ್ತವೆ. ಹರಿಯುವ ನೀರು ಉಳಿದುವನ್ನು ಮಾಡುತ್ತದೆ. ಗಿಡಕ್ಕೆ ಬೇಕಾದ ಮೂಲವಸ್ತುಗಳು ಹದಿನೇಳು. ಇಂಗಾಲ, ಆಮ್ಲಜನಕ, ಜಲಜನಕಗಳು ಗಾಳಿಯಿಂದಲೂ ನೀರಿನಿಂದಲೂ ದೊರೆಯುವುವು. ಉಳಿದ ಹದಿನಾಲ್ಕನ್ನು ಉಪ್ಪುಗಳ ರೂಪದಲ್ಲಿ ಕರಗಿಸಿ ಕೊಡಬೇಕು. ಅವುಗಳಲ್ಲಿ ಪೆಟ್ಲುಪ್ಪೂ ಉಂಟು, ಹಿಂದೆ ವೈದ್ಯರು ಭೇದಿಗೆ ಕೊಡುತ್ತಿದ್ದ ಎಪ್ಸಂ ಉಪ್ಪೂ ಉಂಟು. ನೀರು ಅತ್ಯಲ್ಪ ಹುಳಿಯಾಗಿರಬೇಕು. ಅಳತೆಯ ಕಡ್ಡಿಯಲ್ಲಿ 5.5ರಿಂದ 6.5ರ ಒಳಗೆ. ಈ ಅಳತೆಗಳನ್ನೆಲ್ಲ ನೋಡಿ ದಿನಕ್ಕೆರಡು ಸಲ ಪುಸ್ತಕದಲ್ಲಿ ಬರೆಯುವವಳು ಅವನ ಹೆಂಡತಿ. ಮೊಳೆತ ಸಸಿಗಳನ್ನು ತಟ್ಟೆಯಿಂದ ಕೊಳವೆಗೆ ಸಾಗಿಸುತ್ತಿದ್ದವಳೂ ಆಕೆಯೇ. ಹೀಗೆ ಅಗಮವೂ ಸುಳ್ಳಾಯಿತು, ಮಹೀರುಹವೂ ಸುಳ್ಳಾಯಿತು. ಪಾದಪವೊಂದು ಮಾತ್ರ ಎಲ್ಲಿಯೂ ಕಾಣದಷ್ಟು ನಿಜವಾಗಿ ಕಣ್ಣೆದುರಿಗೆ ನಿಂತಿತು.

ಗಿಡವು ಏನನ್ನು ತಿಂದು ಬೆಳೆಯುವುದೆಂಬ ಪ್ರಶ್ನೆಯು ಹಳೆಯದು. ವಾನ್ ಹೆಲ್ಮಾಂಟ್ ಎಂಬ ವಿದ್ವಾಂಸನು ಕುಂಡದಲ್ಲಿ 200 ಪೌಂಡು ಒಣಮಣ್ಣನ್ನು ತೂಗಿ ತುಂಬಿ, 5 ಪೌಂಡಿನ ವಿಲ್ಲೋ ಸಸಿಯನ್ನು ನೆಟ್ಟು, ಬರಿಯ ನೀರೆರೆಯುತ್ತ ಐದು ವರ್ಷ ಕಾದನು. ಗಿಡವು 169 ಪೌಂಡಿಗಿಂತ ಹೆಚ್ಚಾಯಿತು. ಮಣ್ಣು ಕಳೆದುಕೊಂಡದ್ದು ಸುಮಾರು ಎರಡು ಔನ್ಸು. ಮರವೆಲ್ಲ ನೀರಿನಿಂದಲೇ ಆಯಿತೆಂದು ಅವನು ತೀರ್ಮಾನಿಸಿದನು. ಅವನ ಗ್ರಂಥವು 1648ರಲ್ಲಿ ಪ್ರಕಟವಾಯಿತು. ಲೆಕ್ಕ ಸರಿ, ತೀರ್ಮಾನ ತಪ್ಪು. ಗಾಳಿಯನ್ನು ಅವನು ಎಣಿಕೆಗೆ ತರಲಿಲ್ಲ, ಆ ಎರಡು ಔನ್ಸನ್ನು ಅಲಕ್ಷ್ಯಮಾಡಿದನು. 1699ರಲ್ಲಿ ಲಂಡನ್ನಿನ ವುಡ್‌ವರ್ಡ್ ಎಂಬವನು ಪುದೀನಾ ಗಿಡವನ್ನು ಮಳೆನೀರಿನಲ್ಲಿಯೂ ಥೇಮ್ಸ್ ನದಿಯ ನೀರಿನಲ್ಲಿಯೂ ಮಣ್ಣು ಕಲಸಿದ ನೀರಿನಲ್ಲಿಯೂ ಇಟ್ಟು ನೋಡಲಾಗಿ, ತಿಳಿನೀರಿಗಿಂತ ಕದಡಿದ ನೀರಿನಲ್ಲಿಯೇ ಹೆಚ್ಚು ಬೆಳೆಯಿತು. ಹೆಲ್ಮಾಂಟನು ಬಿಟ್ಟ ಎರಡು ಔನ್ಸಿನ ಗುಟ್ಟು ಅದರಲ್ಲಿತ್ತು. 1860ರ ಸುಮಾರಿಗೆ ಜರ್ಮನಿಯ ಸ್ಯಾಕ್ಸ್, ನಾಪ್ ಎಂಬಿಬ್ಬರು ಯಾವ ಯಾವ ಉಪ್ಪು ಬೇಕೆಂಬುದನ್ನು ಗೊತ್ತುಮಾಡಿದರು. ಪ್ರಯೋಗಶಾಲೆಯ ಸೀಸೆಯಿಂದ ಅದನ್ನು ಹೊರಗೆ ತಂದವನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಗೆರಿಕೆ. 1929ರಿಂದೀಚೆಗೆ ಅವನು ತೊಟ್ಟಿಗಳಲ್ಲಿ ಆಳೆತ್ತರವನ್ನು ಮೀರಿದ ಟೊಮೆಟೊ ಬಳ್ಳಿಗಳನ್ನು ಬೆಳೆದು ತೋರಿಸಿದನು. 1937ರಲ್ಲಿ ಹೈಡ್ರೊಪೋನಿಕ್ಸ್ ಎಂಬ ಹೆಸರನ್ನು ಬಳಕೆಗೆ ತಂದನು. ಗ್ರೀಕ್ ಭಾಷೆಯಲ್ಲಿ ನೀರು ಮತ್ತು ಶ್ರಮ ಎಂಬೆರಡು ಪದಗಳ ಸಮಾಸವದು. ನಮ್ಮವರು ಜಲಕೃಷಿಯೆನ್ನುತ್ತಾರೆ, ಮೀನು ಸಾಕುವುದಕ್ಕೂ ಅದೇ ಹೆಸರಿರುವುದರಿಂದ ಮಣ್ಣಿಲ್ಲದ ಬೇಸಾಯವೆಂಬುದೇ ನನಗೆ ಸಮಂಜಸವಾಗಿ ತೋರುತ್ತದೆ. ನಮ್ಮ ದೇಶಕ್ಕೆ ಇದನ್ನು 1946ರಲ್ಲಿ ತಂದವನು ಷೋಲ್ಟೋ ಡಗ್ಲಸ್ ಎಂಬ ಆಂಗ್ಲೇಯನು. ಕಾಲಿಂಪಾಂಗಿನಲ್ಲಿ ಪ್ರಯೋಗ ನಡೆಸಿ, ಬಡವರಿಗೂ ಸಾಧ್ಯವಾಗುವ ಸುಲಭಕ್ರಮವೊಂದನ್ನು ಬಂಗಾಳ ಪದ್ಧತಿಯೆಂಬ ಹೆಸರಿನಲ್ಲಿ ಪುಸ್ತಕವಾಗಿ ಬರೆದನು. ನಮ್ಮ ಊರಿನ ಅಂಚಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ತೆಂಗಿನ ನಾರಿನ ಪುಡಿಯಲ್ಲಿ ತರಕಾರಿ ಬೆಳೆಯುವ ಕ್ರಮವನ್ನು ರೂಪಿಸಿ, ಅದಕ್ಕೆ ಬೇಕಾದ ‘ಅರ್ಕ ಸಸ್ಯ ಪೋಷಕ ರಸ’ವನ್ನೂ ಸಿದ್ಧಪಡಿಸಿದ್ದಾರೆ.

ಇದೆಲ್ಲ ನಮ್ಮ ಪೂರ್ವಿಕರಿಗೆ ತಿಳಿದೇ ಇತ್ತೆಂದು ಹೇಳುವ ಮಿತ್ರರು ನನಗೆ ಅನೇಕರುಂಟು. ಸುರಪಾಲನ ವೃಕ್ಷಾಯುರ್ವೇದದಲ್ಲಿ ಕುಣಪಜಲವೆಂಬ ದ್ರವಗೊಬ್ಬರದ ವಿಧಾನವಿದೆ. ಎರಡನೆಯ ಚಾವುಂಡರಾಯನು 1025ರಲ್ಲಿ ಕನ್ನಡದಲ್ಲಿಯೇ ಬರೆದ ಲೋಕೋಪಕಾರದಲ್ಲಿಯೂ ವೃಕ್ಷಾಯುರ್ವೇದದ ಪ್ರಕರಣವಿದೆ. ಹೆಮ್ಮೆಪಡತಕ್ಕ ವಿಷಯವೇ. ಆದರೆ ಕುಣಪಜಲವನ್ನು ಎರೆದುದು ಮಣ್ಣಿಗೆ, ಮಣ್ಣಿನಲ್ಲಿ ನಿಂತ ಮರದ ಬುಡಕ್ಕೆ. ಇಲ್ಲದ್ದನ್ನು ಗ್ರಂಥದೊಳಗೆ ತುರುಕುವುದು ಗ್ರಂಥಕ್ಕೆ ಗೌರವವಲ್ಲ.

ಶಿಷ್ಯನ ತಂದೆಯು ತಾರಸಿಯ ಇನ್ನೊಂದು ಪಕ್ಕದಲ್ಲಿ ಮಂಕರಿ ಹೆಣೆಯುತ್ತ ಕುಳಿತಿದ್ದರು. ಎಂಬತ್ತು ದಾಟಿದ ಪ್ರಾಯ. ಅವರ ಸುತ್ತ ಮಣ್ಣು ತುಂಬಿದ ನೀಲಿ ಪೀಪಾಯಿಗಳು. ಅವುಗಳಲ್ಲಿ ಹೀರೆ, ದಂಟು, ಒಂದು ಅವರೆ ಚಪ್ಪರ. “ಏನು ಯಜಮಾನರೇ, ಮಗನ ಬೇಸಾಯ ಹೇಗಿದೆ?” ಎಂದು ಕೇಳಿದೆನು.

“ಬೇಸಾಯ ಅಂತೀರಾ ಮೇಷ್ಟ್ರೇ? ಆಸ್ಪತ್ರೇಲಿ ಬಾಟ್ಲಿ ಹಾಕ್ದಂಗೆ ಹಾಕವ್ನೆ. ಕಾಯ್ಲೆ ಬಂದೋರ್ಗೆ ಬಾಟ್ಲಿ ಹಾಕ್ತಾರೆ, ಸರಿ. ಚೆಂದಾಗಿರೋ ಗಿಡಕ್ಕೆ ಯಾಕ್ ಸ್ವಾಮಿ?”

ಮಗನು ನಕ್ಕನು. ಸೊಸೆಯು ನಗಲಿಲ್ಲ; ಕಾಫಿಯನ್ನು ಕೊಟ್ಟು, “ಮಾವ ಹಾಗೇ ಹೇಳೋದು ಮೇಷ್ಟ್ರೇ. ಆವತ್ತು ಏನು ಮಾಡಿದರು ಅಂತ ನೀವು ಕೇಳಬೇಕು” ಎಂದಳು. ಅವಳು ಹೇಳಿದ್ದನ್ನು ಸಂಕ್ಷೇಪವಾಗಿ ಬರೆಯುತ್ತೇನೆ.

2024ನೆಯ ಇಸವಿಯ ಬೇಸಗೆಯನ್ನು ಬೆಂಗಳೂರಿನವರು ಮರೆತಿರಲಾರರು. ಹಿಂದಿನ ವರ್ಷದ ಮಳೆ ಕೈಕೊಟ್ಟಿತ್ತು. ಕೊಳವೆಬಾವಿಗಳು ಬತ್ತಿದುವು. ಕುಡಿಯುವ ನೀರನ್ನು ಕಾರು ತೊಳೆಯುವುದಕ್ಕೂ ಕೈತೋಟಕ್ಕೂ ಬಳಸಿದರೆ 5,000 ರೂಪಾಯಿ ದಂಡವೆಂದು ಮಾರ್ಚಿ ತಿಂಗಳಲ್ಲಿ ಜಲಮಂಡಳಿಯವರು ಆಜ್ಞೆಮಾಡಿದರು. ಕಾವೇರಿಯ ನೀರು ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ ಏರಿ ನಮ್ಮ ನಲ್ಲಿಗೆ ಬರುವುದೆಂಬುದನ್ನು ನೆನೆದರೆ ಆ ಆಜ್ಞೆಯು ಕಠಿಣವೆನ್ನಲಾಗದು. ಈ ಮನೆಯ ಕೊಳವೆಬಾವಿಯೂ ನಿಂತಿತು. ವಾರಕ್ಕೊಂದು ಟ್ಯಾಂಕರು ಬಂದರೆ ಪುಣ್ಯ. ತಂದೆಯ ಪೀಪಾಯಿಗಳಿಗೆ ದಿನಕ್ಕೆ ಹತ್ತು ಬಿಂದಿಗೆ ನೀರು ಬೇಕು. ಮಗನ ಮುನ್ನೂರು ಗಿಡಗಳಿಗೆ, ಅದೇ ನೀರು ಸುತ್ತುವುದರಿಂದ, ಆರಿಹೋದಷ್ಟನ್ನು ತುಂಬಲು ಎರಡು ಬಿಂದಿಗೆ ಸಾಕು. ಎರಡಕ್ಕೂ ಕೊಡುವಷ್ಟು ನೀರಿಲ್ಲ. ತಂದೆ ಮಕ್ಕಳಲ್ಲಿ ಮಾತಿಗೆ ಮಾತು ಬೆಳೆಯಿತು. “ಹೊಲಾನೂ ಹೋಯ್ತು, ಈಗ ಈ ನಾಲ್ಕು ಪೀಪಾಯಿಗೂ ಬಂತಾ?” ಎಂದರಂತೆ ವೃದ್ಧರು. ಕೊನೆಗೆ ಸೊಸೆಯೇ ನಿರ್ಣಯಮಾಡಿದಳು: ಅಡಿಗೆ, ಕುಡಿಯುವುದು ಮೊದಲು, ತಿಂಗಳ ಖರ್ಚು ಹೊರಡುವುದು ಕೊಳವೆಗಳಿಂದಾದುದರಿಂದ ಎರಡು ಬಿಂದಿಗೆ ಅವಕ್ಕೆ, ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಪೀಪಾಯಿಗಳಿಗೆ. ಅವರೆ ಒಣಗಿತು. ವೃದ್ಧರು ಎಂಟು ದಿನ ಮಗನೊಡನೆ ಮಾತನಾಡಲಿಲ್ಲ.

ಏಪ್ರಿಲಿನ ಒಂದು ಮಧ್ಯಾಹ್ನ ಮಗನು ಸೊಪ್ಪು ಕೊಡಲು ಹೋಗಿದ್ದನು. ಸೊಸೆಯು ಮಗುವನ್ನು ಕರೆತರಲು ಶಾಲೆಗೆ ಹೋಗಿದ್ದಳು. ವಿದ್ಯುತ್ತು ನಿಂತಿತು, ಪಂಪು ನಿಂತಿತು. ಮಣ್ಣಿನ ಗಿಡವು ಒಂದು ದಿನ ತಾಳೀತು. ಮಣ್ಣು ಒಂದಿಷ್ಟು ತೇವವನ್ನು ಬಚ್ಚಿಟ್ಟುಕೊಂಡಿರುತ್ತದೆ. ಈ ಕೊಳವೆಗಳಲ್ಲಿ ಬಚ್ಚಿಡುವುದೇನೂ ಇಲ್ಲ. ಬಿಸಿಲಿನಲ್ಲಿ ಒಂದೆರಡು ಗಂಟೆಯೊಳಗೆ ಬೇರು ಒಣಗಿ ಬೆಳೆಯೆಲ್ಲ ಬಾಡಿಹೋಗುವುದು. ಸೊಸೆಯು ಹಿಂತಿರುಗಿ ಓಡಿ ಮೇಲೆ ಬಂದಾಗ ವೃದ್ಧರು ಪಂಚೆ ಎತ್ತಿಕಟ್ಟಿ, ತೊಟ್ಟಿಯಿಂದ ಚೊಂಬಿನಲ್ಲಿ ಮೊಗೆದು ಮೊಗೆದು ಕೊಳವೆಗಳ ಮೇಲ್ತುದಿಗೆ ಸುರಿಯುತ್ತಿದ್ದರಂತೆ. ಒಂದಾದ ಮೇಲೊಂದು ಹನ್ನೆರಡು ಕೊಳವೆ, ಪುನಃ ಮೊದಲಿನಿಂದ. ದೀಪ ಬರುವವರೆಗೆ ಎರಡು ಗಂಟೆಯ ಹೊತ್ತು ಅವರೇ ಪಂಪಾದರು. ಒಂದು ಗಿಡವೂ ಸಾಯಲಿಲ್ಲ.

ನಾನು ಅವರ ಮುಖವನ್ನು ನೋಡಿದೆನು. ಮಂಕರಿಯಿಂದ ತಲೆಯೆತ್ತದೆಯೇ, “ಬಾಯ್ ಬಿಡ್ತಿದ್ವು ಸ್ವಾಮಿ. ಮಣ್ಣಾಗಿದ್ರೇನು, ನೀರಾಗಿದ್ರೇನು, ಬಾಯಾರ್ಕೆ ಬಾಯಾರ್ಕೇನೇ” ಎಂದರು. ಈಗ ಎರಡು ಮೂರು ವಾರಕ್ಕೊಮ್ಮೆ ತೊಟ್ಟಿಯನ್ನು ಬದಲಾಯಿಸುವಾಗ ಸತ್ವ ಕುಂದಿದ ನೀರು ಚರಂಡಿಗೆ ಹೋಗುವುದಿಲ್ಲ, ಪೀಪಾಯಿಗಳಿಗೆ ಹೋಗುತ್ತದೆ. ಅದರಲ್ಲಿ ಉಳಿದ ಉಪ್ಪು ಹೀರೆಗೆ ಗೊಬ್ಬರ.

ಇನ್ನು ನಿಷ್ಠುರವಾದ ಮಾತು ಒಂದೆರಡು. ಇದನ್ನು ಸಾವಯವವೆಂದು ಹೇಳಿ ಮಾರುವವರುಂಟು, ಅದು ಸುಳ್ಳು. ಅಂಗಡಿಯ ಲವಣಗಳಿಂದ ಬೆಳೆದುದು ಸಾವಯವವಾಗದು. ಕೊಳಚೆ ನೀರಿಲ್ಲ, ಕೀಟನಾಶಕ ಕಡಮೆ, ನೀರಿನ ವ್ಯಯ ಹೊಲದ ಸಾಗುವಳಿಗಿಂತ ಬಹಳ ಸ್ವಲ್ಪ — ಇಷ್ಟು ನಿಜವೇ ಸಾಕಲ್ಲವೆ? ಬೇಸಗೆಯಲ್ಲಿ ತೊಟ್ಟಿಯ ನೀರು ಕಾದರೆ ಬೇರು ಕೊಳೆಯುತ್ತದೆ, ಲೆಟ್ಯೂಸ್ ಕಹಿಯಾಗುತ್ತದೆ. ಕೊಳವೆಗೂ ಬಲೆಗೂ ಪಂಪಿಗೂ ಮೊದಲೇ ಹಣ ಸುರಿಯಬೇಕು. ಆ ಹಣ ಹೊರಡುವುದು ಹೋಟೆಲಿನವರು ಕೊಳ್ಳುವ ವಿಲಾಯತಿ ಸೊಪ್ಪಿನಿಂದಲೇ ಹೊರತು ನಮ್ಮ ದಂಟಿನಿಂದಲ್ಲ. ರಾಗಿ, ಜೋಳ, ತೊಗರಿಗಳನ್ನು ಈ ರೀತಿ ಬೆಳೆಯಹೊರಟರೆ ಮುದ್ದೆಯೊಂದಕ್ಕೆ ಮದುವೆಯ ಊಟದ ಬೆಲೆಯಾದೀತು. ಹೊಲಗಳಿಗೆ ಇದು ಬದಲಲ್ಲ. ಮಳೆನೀರಿನ ಲೆಕ್ಕವನ್ನು ಮಾತ್ರ ಗೃಹಸ್ಥರು ಮಾಡಿ ನೋಡಬೇಕು. ನಮ್ಮ ಊರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರು ಮಳೆ. ಸಾವಿರ ಚದರ ಅಡಿಯ ತಾರಸಿಯ ಮೇಲೆ ಬೀಳುವುದು ಸುಮಾರು 90,000 ಲೀಟರು. ಶಿಷ್ಯನ ಕೊಳವೆಗಳು ಆರಿಸಿಕೊಳ್ಳುವುದು ದಿನಕ್ಕೆ 30 ಲೀಟರಿನಂತೆ ವರ್ಷಕ್ಕೆ 11,000. ಕೊಳವೆಬಾವಿಯ ಗಡಸು ನೀರಿಗಿಂತ ಮಳೆನೀರೇ ಇದಕ್ಕೆ ಉತ್ತಮ. ಕೊರತೆ ಮಳೆಯದಲ್ಲ, ಹಿಡಿದಿಡುವ ತೊಟ್ಟಿಯದು.

ಹೊರಡುವಾಗ ಸೊಸೆಯು ‘ಎ’, ‘ಬಿ’ ಎಂದು ಬರೆದ ಎರಡು ಸೀಸೆ ರಸವನ್ನೂ ಪಾಲಕ್ ಬೀಜವನ್ನೂ ಕೊಟ್ಟು, ಪಂಪಿಲ್ಲದ ಸುಲಭವಾದ ಕ್ರಮವೊಂದನ್ನು ಹೇಳಿಕೊಟ್ಟಳು. ಹವಾಯಿ ವಿಶ್ವವಿದ್ಯಾನಿಲಯದ ಕ್ರಾಟ್ಕಿ ಎಂಬವರು ಪ್ರಚಾರಕ್ಕೆ ತಂದುದಂತೆ: ಮುಚ್ಚಳದಲ್ಲಿ ರಂಧ್ರ ಕೊರೆದು ಗಿಡವನ್ನು ತೂಗಹಾಕಿದರೆ, ಗಿಡ ಕುಡಿದಂತೆ ನೀರು ಇಳಿಯುತ್ತದೆ, ಮೇಲಿನ ಬೇರು ಗಾಳಿಯನ್ನೂ ಕೆಳಗಿನದು ನೀರನ್ನೂ ಹಿಡಿಯುತ್ತವೆ. ಮನೆಗೆ ಬಂದು ಉತ್ಸಾಹದಿಂದ ಎರಡು ರಸಗಳನ್ನೂ ಒಂದೇ ಲೋಟಕ್ಕೆ ಸುರಿದು ಸಮಾಸಮಾಡಿಬಿಟ್ಟೆನು. ಸುಣ್ಣದ ತಿಳಿಯಂತೆ ಬೆಳ್ಳಗೆ ಗಷ್ಟು ಕಟ್ಟಿತು. ಚೆನ್ನಾಗಿ ಕೂಡಿಕೊಂಡಿತೆಂದು ಸಂತೋಷಪಟ್ಟು ಗಾಜಿನ ಭರಣಿಗೆ ಹಾಕಿದೆನು. ಹತ್ತು ದಿನದಲ್ಲಿ ಭರಣಿಯ ತುಂಬ ಪಾಚಿ, ಸಸಿಗಳ ತುಂಬ ಹಳದಿ. ಶಿಷ್ಯನಿಗೆ ಹೇಳಿದರೆ, “ಮೇಷ್ಟ್ರೇ, ಒಂದನ್ನು ನೀರಿನಲ್ಲಿ ಕರಗಿಸಿದ ಮೇಲೆ ಇನ್ನೊಂದನ್ನು ಹಾಕಬೇಕು. ಗಟ್ಟಿಯಾಗಿರುವಾಗ ಕೂಡಿದರೆ ಒಂದರ ಸುಣ್ಣದ ಅಂಶ ಇನ್ನೊಂದರ ಗಂಧಕ, ರಂಜಕದ ಅಂಶಗಳನ್ನು ಹಿಡಿದು ಕಲ್ಲಾಗಿಬಿಡುತ್ತದೆ, ಗಿಡಕ್ಕೆ ಏನೂ ಸಿಕ್ಕುವುದಿಲ್ಲ. ಗಾಜಿನಲ್ಲಿ ಬೆಳಕು ಹೋಗುತ್ತದೆ, ಬೆಳಕಿದ್ದಲ್ಲಿ ಪಾಚಿ” ಎಂದನು. ಒಂದು ಕಾಲದಲ್ಲಿ ಅವನ ಸಂಧಿಕಾರ್ಯಗಳನ್ನು ನಾನು ಕೆಂಪು ಶಾಯಿಯಿಂದ ತಿದ್ದಿದ್ದೆನು.

ಎರಡನೆಯ ಸಲ ಕಪ್ಪು ಬಕೆಟ್ಟನ್ನು ತಂದು ವಿಧಿಪೂರ್ವಕವಾಗಿ ಮಾಡಿದ್ದೇನೆ. ಪಾಲಕ್ ಸಸಿಗಳಿಗೆ ಈ ಹೊತ್ತಿಗೆ ಐದು ಎಲೆ ಬಂದಿವೆ. ಅವುಗಳ ಪಕ್ಕದಲ್ಲಿಯೇ ಮಣ್ಣಿನ ಕುಂಡವೊಂದರಲ್ಲಿ, ಯಜಮಾನರು ಕಾಗದದಲ್ಲಿ ಮಡಿಸಿ ಕೊಟ್ಟಿದ್ದ ನಾಲ್ಕು ಹೀರೆ ಬೀಜಗಳನ್ನು ಊರಿದ್ದೇನೆ. ಬಕೆಟ್ಟಿನ ಉಳಿಕೆ ನೀರು ಅದಕ್ಕೇ ಹೋಗತಕ್ಕದ್ದೆಂದು ಅವರ ಅಪ್ಪಣೆ.